ಜಡೆ ಬಿಡಿಸಿದ ಮಳೆಗಾಲ

ನನ್ನ ಮೊಮ್ಮಗಳಿಗೆ ಯಾವ ದೇವಿಯೂ ಜಡೆ ಬಿಟ್ಟಿರಲಿಲ್ಲ. ಜ್ವರ ಬಂದು ಮಲಗಿದ ಹುಡುಗಿಯ ತಲೆಯನ್ನು ಯಾರೂ ಬಾಚಲಿಲ್ಲ, ಕೂದಲು ಗಂಟಾಯಿತು. ಆ ಗಂಟಿನ ಮೇಲೆ ಹರಳೆಣ್ಣೆ, ಭಂಡಾರವೆಂದು ದೇವಿಯ ಅರಿಶಿನ ಮೆತ್ತಿದರು, ಗಂಟು ಕಲ್ಲಾಯಿತು. ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಹೇಳುವವರು ಆ ಮಳೆಗಾಲದಲ್ಲಿ ನಮ್ಮ ಜಗಲಿಯ ಮೇಲೆ ಕೂತಿರಲಿಲ್ಲ.

ಈ ಮಾತು ಈಗ ಯಾಕೆ ಬಂತೆಂದರೆ, ಹೋದ ವಾರ ಜಗಳೂರಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಸುನಂದಾ ಅಲ್ಲಿ ಹೊಸ ಅಂಗಡಿ ತೆರೆದಳು. ಹೊನ್ನಾಳಿಯಲ್ಲಿ ಒಂದು, ಚನ್ನಗಿರಿಯಲ್ಲಿ ಒಂದು ಮೊದಲೇ ಇವೆ. ನ್ಯಾಮತಿಯಲ್ಲಿ ಸೀಗೆ ಕುಟ್ಟುವ ಶೆಡ್ಡು ಇದೆ. ಹೆಂಗಸರ ತಲೆಗೂದಲು ನೋಡಿಕೊಳ್ಳುವುದನ್ನೇ ದುಡಿಮೆ ಮಾಡಿಕೊಂಡು ಈ ಸೀಮೆಯಲ್ಲಿ ಬೋರ್ಡು ಹಾಕಿದವಳು ಅವಳೇ ಮೊದಲು. ಅವಳ ಎಣ್ಣೆಯ ಶೀಶೆಯ ಮೇಲೆ ಅವಳದೇ ಫೋಟೊ. ಸಿನಿಮಾದವರ ಮುಖ ಹಾಕು, ವ್ಯಾಪಾರ ಆಗುತ್ತದೆ ಎಂದು ಎಷ್ಟೋ ಜನ ಹೇಳಿದರು. ಅವಳು ಹಾಕಲಿಲ್ಲ. ಕರಿ ಮುಖ, ಅದರ ಸುತ್ತ ಹೊಂಗೆ ಮರದಂತೆ ದುಂಡಗೆ ಹರಡಿದ ಗುಂಗುರು ಕೂದಲು. ಈಗ ಜನ ಎಣ್ಣೆಯ ಹೆಸರು ಕೇಳುವುದಿಲ್ಲ, ಆ ತಲೆ ತೋರಿಸಿ ಕೊಡಿ ಎನ್ನುತ್ತಾರೆ.

ಅಂಗಡಿಯ ಬಾಗಿಲು ಇನ್ನೂ ದೂರ ಇರುವಾಗಲೇ ವಾಸನೆ ಬಂತು. ಅಗಸೆ ಬೀಜ ಕುದಿಯುವ ಮಣ್ಣಿನಂಥ ವಾಸನೆ, ಅದರೊಳಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ, ಅರೆದ ದಾಸವಾಳದ ಎಲೆ. ವಾಸನೆ ಹಿಡಿದು ಹಳೆಯದನ್ನು ನೆನೆಯುವ ಚಟ ನನಗಿಲ್ಲ. ಆದರೆ ಮೂಗು ನನ್ನ ಮಾತು ಕೇಳಲಿಲ್ಲ. ಜಗಳೂರಿನ ಬಿಸಿಲಲ್ಲಿ ನಿಂತವಳಿಗೆ ಸಾಸ್ವೆಹಳ್ಳಿಯ ನಮ್ಮ ಮನೆಯ ತಗಡಿನ ಮೇಲೆ ಮಳೆ ಬಿದ್ದ ಸದ್ದು ಕೇಳಿತು.

ಒಳಗೆ ಬೀಗಿತಿ ಕೆಂಚಮ್ಮ ಹೊಸ ಸೀರೆ ಉಟ್ಟು ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದಳು. ನನ್ನ ಸೊಸೆ ಮಂಜುಳಾಳ ತಾಯಿ, ಬಿಳಿಚೋಡಿನವಳು. ಬಂದ ಬಂದವರಿಗೆಲ್ಲ ಸಕ್ಕರೆ ಕೊಡುತ್ತ, ಸಿಕ್ಕುಗೂದಲನ್ನು ಬುಡದಿಂದ ಎಳೆಯಬಾರದು, ತುದಿಯಿಂದ ಬಿಡಿಸಬೇಕು ಎಂದು ಪಾಠ ಹೇಳುತ್ತಿದ್ದಳು. ನಾನು ಸಕ್ಕರೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತೆ. ಆ ಭಂಡಾರ ಮೆತ್ತಿದವಳು ಇವಳೇ.

ಸುನಂದಾ ನಮ್ಮ ಊರಿಗೆ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಗಂಡನಿಗೆ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಕೆಲಸ, ವರ್ಗವಾಗಿ ಬಂದಿದ್ದ. ಇಬ್ಬರೂ ಸಿದ್ದಿಗಳು, ಯಲ್ಲಾಪುರದ ಕಡೆಯ ಕಾಡಿನವರು. ಅವರ ಹಿರೀಕರು ಯಾವುದೋ ಕಾಲಕ್ಕೆ ಆಫ್ರಿಕಾದಿಂದ ಬಂದವರಂತೆ. ಆಫ್ರಿಕಾ ಯಾವ ದಿಕ್ಕಿಗಿದೆ ಎಂಬುದು ಸುನಂದಾಳಿಗೂ ನನ್ನಷ್ಟೇ ಗೊತ್ತು. ಆದರೆ ನಮ್ಮೂರಿನ ಜನ ಅವಳನ್ನು ಕಂಡರೆ ಇದ್ದಬದ್ದ ಇಂಗ್ಲಿಷನ್ನೆಲ್ಲ ಹೊರಗೆ ತೆಗೆಯುತ್ತಿದ್ದರು. ತರಕಾರಿಯವನು ಕೈಬೆರಳು ಬಿಡಿಸಿ ಬಿಡಿಸಿ ರೇಟು ತೋರಿಸಿದ. ಅವಳು ಕೊನೆಯವರೆಗೂ ನೋಡಿ, "ಅಣ್ಣಾ, ಬೆಂಡೆಕಾಯಿ ಬಲಿತುಹೋಗಿದೆ, ಎಳೇದು ಕೊಡಿ" ಎಂದಳು. ಅವನು ಆ ದಿನ ಅವಳಿಗೆ ಕೊತ್ತಂಬರಿ ಪುಕ್ಕಟೆ ಹಾಕಿ ಕಳಿಸಿದ, ನಾಚಿಕೆಗೆ.

ಊರಲ್ಲಿ ಖಾಲಿ ಮನೆಗಳಿದ್ದವು. ಅವರು ಕೇಳಲು ಹೋದಾಗ ಮಾತ್ರ ಎಲ್ಲ ಮನೆಗೂ ನೆಂಟರು ಬರುವವರಿದ್ದರು. ಆ ನೆಂಟರ ಪರಿಚಯ ನನಗೂ ಇದೆ. ನಮ್ಮ ಕೇರಿಯವರು ಮೇಲಿನ ಬೀದಿಯಲ್ಲಿ ಬಾಡಿಗೆಗೆ ಕೇಳಿದಾಗಲೂ ಅದೇ ನೆಂಟರು ಬರುತ್ತಾರೆ. ನಮ್ಮ ಮನೆ ಕೇರಿಯ ತುದಿಯಲ್ಲಿ, ಹೊನ್ನಾಳಿ ರಸ್ತೆಗೆ ಮುಖ ಮಾಡಿ ಇದೆ, ಎದುರಿಗೆ ಹಾಲಿನ ಡೇರಿ. ರಸ್ತೆ ಕಡೆ ಒಂದು ಕೋಣೆಯನ್ನು ಮಗ ಅಂಗಡಿಗೆಂದು ಕಟ್ಟಿಸಿದ್ದ. ಅವನು ಜೆಸಿಬಿ ಓಡಿಸಲು ಹೊರಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಕೋಣೆಯಲ್ಲಿ ಹೆಗ್ಗಣಗಳು ವ್ಯಾಪಾರ ಮಾಡಿಕೊಂಡಿದ್ದವು. ಅದನ್ನೂ, ಹಿಂದಿನ ಸಣ್ಣ ಮನೆಯನ್ನೂ ಸುನಂದಾಳಿಗೆ ಕೊಟ್ಟೆ. ನನಗೆ ಬಾಡಿಗೆ ಬೇಕಿತ್ತು, ಅವಳಿಗೆ ಜಾಗ ಬೇಕಿತ್ತು. ಅದರಲ್ಲಿ ದೊಡ್ಡತನವೇನೂ ಇರಲಿಲ್ಲ.

ಅವಳು ಹುಬ್ಬಳ್ಳಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಡಿಸುವ ಕೆಲಸದಿಂದ ಶುರುಮಾಡಿ ಕೆಲಸ ಕಲಿತವಳು. ಚನ್ನಗಿರಿಯ ಗಂಡಸರ ಸಲೂನಿನಿಂದ ಮೇಲೆ ಕೆಳಗೆ ಹೋಗುವ ಹಳೇ ಕುರ್ಚಿಯೊಂದನ್ನು ತಂದಳು. ಕನ್ನಡಿ ಹಾಕಿದಳು. ಬೋರ್ಡು ಬರೆಸಿದಳು: ಸುನಂದಾ ಕೇಶ ಆರೈಕೆ. ಕೇರಿಯ ಮಕ್ಕಳೆಲ್ಲ ಬಂದು ಕುರ್ಚಿಯ ಮೇಲೆ ಏರಿ ಇಳಿದು ಹೋದರು. ಹೆಂಗಸರು ಒಬ್ಬರೂ ಬರಲಿಲ್ಲ.

ಬರದಿದ್ದಕ್ಕೆ ಅವರು ಕೊಟ್ಟ ಕಾರಣವನ್ನು ಡೇರಿ ಪಕ್ಕದ ಮನೆಯ ಟೈಲರ್ ನಸೀಮಾ ನನಗೆ ಮುಚ್ಚುಮರೆ ಇಲ್ಲದೆ ಹೇಳಿದಳು. "ಹಾಲಮ್ಮಜ್ಜಿ, ತನ್ನ ತಲೇನೇ ಹಂಗೆ ಇಟ್ಕಂಡೋಳು ನಮ್ ತಲೆ ಏನ್ ನೆಟ್ಟಗೆ ಮಾಡ್ತಾಳೆ ಅಂತಾರೆ ಎಲ್ಲರೂ." ಅನ್ನುವವರಲ್ಲಿ ಅವಳೂ ಒಬ್ಬಳೆಂದು ನನಗೆ ಗೊತ್ತಿತ್ತು. ತಲೆಗೂದಲು ಎಂದರೆ ನಮ್ಮವರಿಗೆ ಉದ್ದಕ್ಕೆ ಇಳಿಯಬೇಕು, ಎಣ್ಣೆಯಲ್ಲಿ ಮಿಂಚಬೇಕು. ಮೇಲಕ್ಕೆ ಬೆಳೆಯುವ ಕೂದಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸುನಂದಾ ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಕುರ್ಚಿ ಒರೆಸಿ, ಕೂರುತ್ತಿದ್ದಳು. ಒಂದು ದಿನ ತಡೆಯಲಾರದೆ ನನ್ನನ್ನೇ ಕರೆದಳು. ಅಜ್ಜಿ, ದುಡ್ಡು ಬೇಡ, ಒಂದು ಸಲ ತಲೆಗೆ ಎಣ್ಣೆ ಹಾಕಿ ತೊಳೆದುಕೊಡುತ್ತೇನೆ, ಒಬ್ಬರು ಕೂತರೆ ಇನ್ನೊಬ್ಬರು ಬರುತ್ತಾರೆ ಎಂದಳು. ನನ್ನ ಗಂಡ ಹೋದ ಮೇಲೆ ನನ್ನ ತಲೆಗೆ ಇನ್ನೊಬ್ಬರ ಕೈ ಬಿದ್ದಿರಲಿಲ್ಲ. ತುರುಬು ಕಟ್ಟಿಕೊಳ್ಳುವುದು ನಾನೇ, ಬಿಚ್ಚುವುದು ನಾನೇ.

"ನನ್ನ ತಲೆ ಮುಟ್ಟಿದರೆ ಕೈ ಮುರೀತೀನಿ ನೋಡು" ಎಂದೆ. ಅವಳು ನಕ್ಕಳು.

ಮೊಮ್ಮಗಳು ಚೈತ್ರಾ ಬೇಸಿಗೆ ರಜೆಗೆ ಬಿಳಿಚೋಡಿಗೆ ಹೋಗಿದ್ದಳು. ಆಗ ಆರನೇ ಕ್ಲಾಸಿಗೆ ಹೋಗಬೇಕಾದ ಹುಡುಗಿ. ಅವಳ ಕೂದಲು ಅವಳ ತಾತನದು, ದಪ್ಪ, ಸುರುಳಿ. ಅಲ್ಲಿ ಕುರಿ ಹಿಂದೆ ಅಲೆದಳು, ಬಿಸಿಲಲ್ಲಿ ಕುಣಿದಳು, ಟೈಫಾಯ್ಡ್ ಹಿಡಿಯಿತು. ಕೆಂಚಮ್ಮ ಜಗಳೂರಿಗೆ ಒಯ್ದು ಸೂಜಿ ಹಾಕಿಸಿದಳು, ಗಂಜಿ ಕುಡಿಸಿದಳು, ಹಸುಗೂಸಿನಂತೆ ನೋಡಿಕೊಂಡಳು. ಅದನ್ನು ಇಲ್ಲವೆನ್ನುವುದಿಲ್ಲ. ತಲೆಗೆ ನೀರು ತಾಗಿಸಬೇಡಿ ಎಂದು ಯಾರೋ ಹೇಳಿದ್ದಕ್ಕೆ ತಲೆ ಮುಟ್ಟಲೇ ಇಲ್ಲ. ಹುಡುಗಿ ಎದ್ದು ಕೂತಾಗ ಹಿಂದಲೆಯ ಕೂದಲು ಒಂದು ಹಲಗೆಯಾಗಿತ್ತು. ಪಕ್ಕದ ಮನೆಯ ಮುದುಕಿ ನೋಡಿ, ಇದು ಜಡೆ, ಗುಡ್ಡದ ಅಮ್ಮ ನಿನ್ನ ಮನೆಗೆ ಬಂದಿದ್ದಾಳೆ ಎಂದು ನೆಲಕ್ಕೆ ಬಿದ್ದಳಂತೆ. ಅವತ್ತಿನಿಂದ ಮಂಗಳವಾರ, ಶುಕ್ರವಾರ ಹರಳೆಣ್ಣೆ, ಭಂಡಾರ. ತೊಳೆಯುವಂತಿಲ್ಲ, ಬಾಚುವಂತಿಲ್ಲ, ಕತ್ತರಿ ತೋರಿಸುವಂತಿಲ್ಲ.

ಶಾಲೆ ಶುರುವಾಗುವ ಹೊತ್ತಿಗೆ ಅವಳನ್ನು ಕರೆದುಕೊಂಡು ಬಂದರು. ಅರಿಶಿನ ಮೆತ್ತಿದ ಕುತ್ತಿಗೆ, ಅದರ ಮೇಲೆ ಹಗ್ಗದ ಉಂಡೆಯಂಥ ಜಡೆ. ನಾನು ಒಳಗೆ ಹೋಗಿ ಕತ್ತರಿ ತಂದೆ. ಮಂಜುಳಾ ಮಗಳ ತಲೆ ತಬ್ಬಿಕೊಂಡು ಕೂತುಬಿಟ್ಟಳು. ಕತ್ತರಿಸಿದರೆ ರಕ್ತ ಬರುತ್ತದೆ, ಮಗು ಉಳಿಯುವುದಿಲ್ಲ ಎಂದಳು. ಗೋಡೆಯ ಮೇಲೆ ನನ್ನ ಮಗ ಹಾಕಿದ ಬುದ್ಧನ ಫೋಟೊ ಇದೆ. ಸೊಸೆ ಅದಕ್ಕೂ ಊದುಬತ್ತಿ ಹಚ್ಚುತ್ತಾಳೆ, ಗುಡ್ಡದ ಅಮ್ಮನಿಗೂ ಹಚ್ಚುತ್ತಾಳೆ, ಯಾರಿಗೂ ಬೇಜಾರಾಗಬಾರದೆಂದು.

ಈಗ ಹುಡುಗಿಯರಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವಂತಿಲ್ಲ, ಕಾನೂನಿದೆ. ಆದರೆ ದೇವಿಯವಳು ಎಂದು ಹೆಸರು ಬಿದ್ದ ಹುಡುಗಿಯನ್ನು ಯಾವ ಕಾನೂನೂ ಶಾಲೆಗೆ ಕಳಿಸುವುದಿಲ್ಲ, ಮದುವೆಯನ್ನೂ ಮಾಡಿಸುವುದಿಲ್ಲ. ಮತ್ತೆ, ನಾನು ಇಷ್ಟು ವರ್ಷ ಬಾಳಿದ್ದೇನೆ, ಈ ಜಡೆ ನಮ್ಮ ಕೇರಿಯ ಹುಡುಗಿಯರ ತಲೆಗೇ ಹುಡುಕಿಕೊಂಡು ಬರುತ್ತದೆ. ಗೌಡರ ಮನೆಯ ಹುಡುಗಿಯರಿಗೆ ಬಂದದ್ದು ನೋಡಿಲ್ಲ. ಪಂಚಮಿಗೆ ಮಂಜುಳಾ ತವರಿಗೆ ಹೋಗುವಾಗ ಹುಡುಗಿಯನ್ನು ಗುಡ್ಡಕ್ಕೆ ಕರೆದೊಯ್ದು ಜಡೆಗೆ ಉಡಿ ತುಂಬಿಸುವುದೆಂದು ಕೆಂಚಮ್ಮ ಗೊತ್ತು ಮಾಡಿದ್ದಳು. ಅದಾಯಿತೋ, ಹೆಸರು ಬಿತ್ತು. ಅಲ್ಲಿಯವರೆಗೆ ಒಂದು ಮಳೆಗಾಲ ಇತ್ತು.

ಮೊದಮೊದಲು ಚೈತ್ರಾಳಿಗೆ ಮಜವೇ ಆಯಿತು. ಹೋಂವರ್ಕ್ ಮಾಡದಿದ್ದರೂ ಬೈಯುವವರಿಲ್ಲ. ಟೆಸ್ಟಿನ ದಿನ ಹುಡುಗರು ಬಂದು ಅವಳಿಗೆ ಕೈಮುಗಿದು ಹೋದರು. ಆಮೇಲೆ ಒಂದು ದಿನ ಡೇರಿಯ ಹತ್ತಿರ ನನ್ನ ವಾರಗೆಯ ಹೆಂಗಸೊಬ್ಬಳು ಅವಳ ಕಾಲಿಗೆ ಬಿದ್ದು ಅತ್ತಳು. ಹುಡುಗಿ ಹೆದರಿ ಓಡಿ ಬಂದು ನನ್ನ ಪಕ್ಕ ಕೂತು ಕೇಳಿದಳು, "ಅಜ್ಜಿ, ನಾನು ದೇವ್ರಾದ್ರೆ ನನ್ನ ಖೋ ಖೋ ಆಡಾಕೆ ಬಿಡ್ತಾರಾ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇಲ್ಲ ಎಂದೆ.

ಅವಳನ್ನು ಕೈಹಿಡಿದು ಮುಂದಿನ ಕೋಣೆಗೆ ಕರೆದುಕೊಂಡು ಹೋದೆ. ಸುನಂದಾ ಗಂಟನ್ನು ಬೆರಳಲ್ಲಿ ಒತ್ತಿ ನೋಡಿದಳು, ಮೂಸಿದಳು. ಕತ್ತರಿಸಿ ಬಿಸಾಡು, ಸೊಸೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

"ಬೇಡ ಅಜ್ಜಿ. ಕತ್ತರಿಸಿದ್ರೆ ಅಲ್ಲಿ ಜಡೆ ಇತ್ತು ಅಂತಾಗ್ತದೆ. ಬಿಡಿಸಿದ್ರೆ ಬರೀ ಕೂದಲು."

ಆ ಮಾತು ನನಗೆ ಸರಿಬಂತು. ಹಾಗಾದರೆ ಬಿಡಿಸು ಎಂದೆ. ಆಗ ಅವಳು ಕುರ್ಚಿಯ ಬೆನ್ನು ಹಿಡಿದು ನಿಂತು ತನ್ನ ಕಷ್ಟ ಹೇಳಿದಳು. ಈ ಊರಿನಲ್ಲಿ ಅವಳ ಕೈಗೆ ಇನ್ನೂ ಒಂದು ತಲೆ ಬಂದಿಲ್ಲ. ಮೊದಲ ತಲೆಯೇ ಇದಾದರೆ, ದೇವಿಯ ಜಡೆ ಮುಟ್ಟಿದ ಕೈಗೆ ಆಮೇಲೆ ಯಾರು ತಲೆ ಕೊಡುತ್ತಾರೆ? ಊರಿನಿಂದ ತಂದದ್ದೆಲ್ಲ ಆ ಕುರ್ಚಿ, ಕನ್ನಡಿಗೆ ಹಾಕಿಯಾಗಿತ್ತು. ಅಂಗಡಿ ಹೋದರೆ ಮತ್ತೆ ಹುಬ್ಬಳ್ಳಿಯಲ್ಲಿ ಕಸಬರಿಗೆ ಹಿಡಿಯುವುದೇ.

ಅವಳು ಹೇಳಿದ್ದು ನಿಜವಾಗಿತ್ತು. ಚೈತ್ರಾ ಕುರ್ಚಿಯ ಮೇಲೆ ಕೂತು ಕನ್ನಡಿಯಲ್ಲಿ ಸುನಂದಾಳನ್ನೇ ನೋಡುತ್ತಿದ್ದಳು. ನಿಮ್ಮ ತಲೆಗೆ ಯಾಕೆ ಜಡೆ ಬಂದಿಲ್ಲ ಸುನಂದಕ್ಕ ಎಂದು ಕೇಳಿದಳು. ಸುನಂದಾ ತಲೆಗೆ ಕಟ್ಟಿದ್ದ ಬಟ್ಟೆ ತೆಗೆದಳು. ನಾನೂ ಆ ಕೂದಲನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಸಣ್ಣವಳಿದ್ದಾಗ ಹಾಸ್ಟೆಲ್ಲಿನಲ್ಲಿ, ನಿನ್ನ ತಲೆ ಬಾಚಲು ಬರುವುದಿಲ್ಲ ಎಂದು ವರ್ಷಕ್ಕೆರಡು ಸಲ ಬೋಳಿಸುತ್ತಿದ್ದರಂತೆ. ಪಾರ್ಲರಿನಲ್ಲಿ ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ಮಾಡಿಸಿಕೋ ಎಂದರಂತೆ. ಇದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಅವಳ ಅವ್ವನನ್ನು ಬಿಟ್ಟು. ಹೇಳುತ್ತ ಹೇಳುತ್ತ ಅವಳ ಕೈ ಚೈತ್ರಾಳ ತಲೆಯ ಮೇಲೇ ಇತ್ತು. ಆಮೇಲೆ ಒಳಗೆ ಹೋಗಿ ಅಗಸೆ ಬೀಜ ಒಲೆಗಿಟ್ಟಳು.

ಬೀಜ ಕುದಿದು ಬಿಟ್ಟ ಲೋಳೆಯನ್ನು ನನ್ನ ಗಂಡನ ಹಳೇ ಪಂಚೆಯಲ್ಲಿ ಸೋಸಿದಳು. ಮೊದಲ ದಿನ ಬೆಚ್ಚಗಿನ ನೀರು ಹಾಕಿದಾಗ ಅರಿಶಿನ ಹರಿದು ಜಗಲಿ, ಮೆಟ್ಟಿಲು, ಚರಂಡಿ ಎಲ್ಲ ಹಳದಿಯಾಯಿತು. ಆಮೇಲೆ ಕೊಬ್ಬರಿ ಎಣ್ಣೆ, ದಾಸವಾಳದ ಎಲೆ, ಅಗಸೆಯ ಲೋಳೆ. ಬಾಚಣಿಗೆ ಮುಟ್ಟಲಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಹುಡುಗಿಯನ್ನು ಕೂರಿಸಿಕೊಂಡು ತುದಿಯಿಂದ ಒಂದೊಂದೇ ಎಳೆ, ಬೆರಳಿನಲ್ಲಿ. ಕತ್ತು ನೋಯುತ್ತದೆಂದು ಹುಡುಗಿ ಅಳುವುದು, ಕುರ್ಚಿಯನ್ನು ಸುಯ್ಯನೆ ಮೇಲೆತ್ತಿ ಕೆಳಗಿಳಿಸಿ ಸುನಂದಾ ನಗಿಸುವುದು. ಮಂಜುಳಾ ಒಳಬಾಗಿಲ ಮರೆಗೆ ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಕತ್ತರಿ ಇಲ್ಲವಲ್ಲ ಎಂಬುದೊಂದೇ ಅವಳ ಧೈರ್ಯ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಮೆಕ್ಕೆಜೋಳದ ಕಳೆ ತೆಗೆಯಲು ಹೋದವರು ಮಧ್ಯಾಹ್ನಕ್ಕೇ ನೆಂದು ವಾಪಸು ಬರುವರು. ಹೊಳೆ ಕೆಂಪಗೆ ತುಂಬಿ ಹರಿಯಿತು. ಗಾಳಿಗೆ ತಂತಿ ಹರಿದು ಸುನಂದಾಳ ಗಂಡ ಯಾವ ಕಂಬದ ಮೇಲೆ ಇದ್ದಾನೋ ಅವಳಿಗೇ ತಿಳಿಯುತ್ತಿರಲಿಲ್ಲ. ನನಗೆ ನೆನಪಿರುವುದು ನಮ್ಮ ಜಗಲಿ. ಮಳೆ ಬಂತು, ಸ್ವಲ್ಪ ನಿಂತೆ ಎನ್ನುತ್ತ ಹೆಂಗಸರು ತಗಡಿನ ಕೆಳಗೆ ಬಂದು ನಿಲ್ಲುತ್ತಿದ್ದರು. ಡೇರಿಗೆ ಹಾಲು ಹಾಕಿ ಬಂದವರು, ನೀರಿಗೆ ಹೋದವರು, ರಸ್ತೆಯ ಆಚೆಯೇ ಮನೆ ಇರುವ ನಸೀಮಾ ಕೂಡ. ಮಳೆ ನಿಂತರೂ ಅವರು ಹೋಗುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ಒಳಗೆ ನೋಡುವುದು, ಅಷ್ಟು ಬಿಡಿಸಿದಳು, ಇಷ್ಟು ಬಿಡಿಸಿದಳು ಎಂದು ಲೆಕ್ಕ ಹಾಕುವುದು. ಹೊಸ್ತಿಲು ಮಾತ್ರ ಯಾರೂ ದಾಟಲಿಲ್ಲ. ನಸೀಮಾ ಹೊರಗಿನಿಂದಲೇ, "ಆ ಕಡೆ ಎಳೆ ಸಡಿಲ ಆಗೈತೆ ನೋಡು, ಅದನ್ನ ಮೊದ್ಲು ಹಿಡಿ" ಎಂದು ಸಲಹೆ ಕೊಡುತ್ತಿದ್ದಳು. ಒಳಗೆ ಬಂದು ಹಿಡಿಯೇ ಎಂದರೆ, ಹೊಲಿಗೆ ಐತೆ ಅಜ್ಜಿ ಎಂದು ಓಡುತ್ತಿದ್ದಳು. ಇಂಥ ನಗೆಪಾಟಲಿನ ಮಳೆಗಾಲವನ್ನು ನಾನು ಮತ್ತೆ ಕಂಡಿಲ್ಲ.

ಅರ್ಧ ತಲೆ ಮುಗಿಯಿತು. ಎಡಗಡೆ ಕೂದಲು ಬಿಡುಗಡೆಯಾಗಿ ಸುರುಳಿ ಸುರುಳಿ ಇಳಿಯಿತು. ಅಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಂಡಳು.

ಅವಳು ವಾಂತಿ ಮಾಡಿದ್ದು ಹಲಸಿನ ಹಣ್ಣು. ಶಾಲೆಯಿಂದ ಬರುವಾಗ ಗೆಳತಿಯ ಮನೆಯಲ್ಲಿ ಗಂಟಲಿನ ತನಕ ತಿಂದಿದ್ದಳು. ಬಾಚಿ ತೆಗೆದವಳು ನಾನೇ, ಏನೆಂದು ನನಗೆ ಗೊತ್ತು. ಆದರೆ ಸಂಜೆಯೊಳಗೆ ಊರೆಲ್ಲ ಅಮ್ಮ ಮುನಿದಳು ಎಂದಾಯಿತು. ಜಗಲಿ ಖಾಲಿಯಾಯಿತು. ಮಳೆ ಸುರಿಯುತ್ತಿದ್ದರೂ ಹೆಂಗಸರು ನಮ್ಮ ತಗಡಿನ ಕೆಳಗೆ ನಿಲ್ಲದೆ ನೆನೆದುಕೊಂಡೇ ಹೋದರು. ಸುನಂದಾ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಹೋಗಿ ಬಡಿದೆ. ಗಂಡ ವರ್ಗಕ್ಕೆ ಕೇಳುತ್ತಾನೆ, ಅಜ್ಜಿ, ನಾವು ಹೋಗುತ್ತೇವೆ ಎಂದು ಒಳಗಿನಿಂದಲೇ ಹೇಳಿದಳು. ಹಲಸಿನ ಹಣ್ಣಿಗೆ ಹೆದರಿ ಊರು ಬಿಡುವವಳನ್ನು ಇವತ್ತೇ ನೋಡಿದ್ದು ಎಂದು ಬೈದು ಬಂದೆ. ಬಾಗಿಲು ತೆಗೆಯಲಿಲ್ಲ.

ಆ ವಾರವೇ ಕೆಂಚಮ್ಮ ಬಂದಳು. ಪಂಚಮಿಗೆ ಮಗಳನ್ನು ಕರೆದೊಯ್ಯಲು ತವರಿನಿಂದ ಯಾರಾದರೂ ಬರಬೇಕು, ಪ್ರತಿ ವರ್ಷ ಮಗನನ್ನು ಕಳಿಸುವವಳು ಈ ಸಲ ತಾನೇ ಬಂದಿದ್ದಳು. ಚೀಲದಲ್ಲಿ ತಂಬಿಟ್ಟು, ಜೋಳದ ಅಳ್ಳು, ಗುಡ್ಡಕ್ಕೆ ಒಯ್ಯಲು ಹಸಿರು ಕುಬುಸದ ಖಣ. ಜಗಲಿ ಹತ್ತಿದವಳೇ ಮೊಮ್ಮಗಳ ತಲೆ ನೋಡಿದಳು. ಒಂದು ಕಡೆ ಬಿಡಿಗೂದಲು, ಒಂದು ಕಡೆ ಜಡೆ. ಮಂಜುಳಾ ತಂಬಿಗೆಯಲ್ಲಿ ನೀರು ತಂದರೆ ಮುಟ್ಟಲಿಲ್ಲ. ಬೀಗರ ಮನೆಯ ನೀರು ಮುಟ್ಟದಿದ್ದರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

"ಅಮ್ಮನ್ನ ಅರ್ಧ ಕಿತ್ತು ಹಾಕೀರಿ. ನಿಮಗೆ ಹೆಣ್ಣು ಕೊಟ್ಟು ನಾನು ಕೆಟ್ಟೆ" ಎಂದಳು.

"ಅಮ್ಮ ಅಲ್ಲ ಬೀಗ್ತಿ, ಸಿಕ್ಕು" ಎಂದೆ.

"ನಿಮಗೆ ಎಲ್ಲಾ ಸಿಕ್ಕೇ."

ಆಮೇಲೆ ಇಬ್ಬರೂ ಜಗಲಿಯ ಎರಡು ತುದಿಗೆ ಕೂತೆವು. ನಡುವೆ ಚೈತ್ರಾ, ಅಳ್ಳು ತಿನ್ನುತ್ತ. ಕೆಂಚಮ್ಮ ಹುಡುಗಿಯನ್ನು ಹತ್ತಿರ ಎಳೆದುಕೊಂಡು ಉಳಿದ ಗಂಟನ್ನು ಮುಟ್ಟಿದಳು. ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ಮುಟ್ಟಿದಳು.

ಕೆಂಚಮ್ಮನ ವಿಷಯ ಒಂದು ಹೇಳಬೇಕು. ಅವಳು ಮದುವೆಯಾಗಿ ಬಿಳಿಚೋಡಿಗೆ ಬಂದಾಗಿನಿಂದ ಕುರಿ ಸಾಕುವವರ ಹಟ್ಟಿಯಲ್ಲಿ ಉಣ್ಣೆ ಬಿಡಿಸುವ ಕೂಲಿಗೆ ಹೋದವಳು. ಮಳೆಯಲ್ಲಿ ನೆಂದು ಹೆಪ್ಪುಗಟ್ಟಿದ ಉಣ್ಣೆಯನ್ನು ಬೆರಳಲ್ಲೇ ಎಳೆ ಎಳೆ ಮಾಡಿ ಹತ್ತಿಯಂತೆ ಹಗುರ ಮಾಡಿ ಕೊಡಬೇಕು, ಆಮೇಲೆ ಅದು ನೂಲಾಗುತ್ತದೆ, ಕಂಬಳಿಯಾಗುತ್ತದೆ. ಅವಳ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಬೀಗರ ಊಟಕ್ಕೆ ಕೂತಾಗಲೂ ಚಾಪೆಯ ದಾರ ಬಿಡಿಸುತ್ತಿರುತ್ತಾಳೆ.

ಗಂಟಿನ ಅಂಚಿನಲ್ಲಿ ಸುನಂದಾ ಅರ್ಧಕ್ಕೆ ಬಿಟ್ಟ ಎಳೆಗಳು ನೇತಾಡುತ್ತಿದ್ದವು. ಕೆಂಚಮ್ಮ ಅವನ್ನು ಸರಿಮಾಡಿ ಒಳಗೆ ಸೇರಿಸಲು ನೋಡಿದಳು. ಸೇರಲಿಲ್ಲ. ಇದೆಂಥ ಕೆಲಸ, ಅರ್ಧಂಬರ್ಧ ಎಂದು ಗೊಣಗಿದಳು. ಒಂದು ಎಳೆ ಎಳೆದಳು. ಅದರ ಹಿಂದೆ ಇನ್ನೊಂದು ಬಂತು. ನಮ್ಮನ್ನು ಬೈಯುತ್ತಲೇ ಇದ್ದಳು, ನಮ್ಮ ಮನೆತನ, ನನ್ನ ಮಗ, ಬುದ್ಧನ ಫೋಟೊ ಯಾವುದನ್ನೂ ಬಿಡಲಿಲ್ಲ. ಬಾಯಿ ಒಂದು ಕಡೆ, ಬೆರಳು ಒಂದು ಕಡೆ. ನಾನು ಕಂಡೂ ಕಾಣದವಳಂತೆ ರಸ್ತೆ ನೋಡುತ್ತಿದ್ದೆ. ಮಂಜುಳಾ ಬಾಯಿಗೆ ಸೆರಗು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು, ಅಳಲಿಕ್ಕೋ ನಗಲಿಕ್ಕೋ ಅವಳಿಗೇ ತಿಳಿಯದೆ.

ಸ್ವಲ್ಪ ಹೊತ್ತಿಗೆ ಬೈಗುಳ ನಿಂತಿತು. "ಇದು ಒಣಗೈತೆ. ಬಿಡಿಸಿದ ಕಡೆ ಏನೋ ಲೋಳೆ ಹಚ್ಚಿದಂಗೈತಲ್ಲ, ಅದೆಲ್ಲೈತೆ?" ಎಂದು ಕೇಳಿದಳು.

ಲೋಳೆ ಇರುವುದು ಮುಂದಿನ ಕೋಣೆಯಲ್ಲಿ, ಅದರ ಒಡತಿ ನಿಮ್ಮ ಗುಡ್ಡದ ಅಮ್ಮನಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಳೆ, ಬೇಕಾದರೆ ನೀವೇ ಕರೆಯಿರಿ ಎಂದೆ. ಕೆಂಚಮ್ಮ ಎದ್ದು ಹೋಗಿ ಬಾಗಿಲಿಗೆ ಗುದ್ದಿದಳು. "ಏ ತಾಯಿ, ಕೆಲಸ ಹಿಡಿದ್ಮೇಲೆ ಮುಗಿಸ್ಬೇಕು. ಬಾ ಹೊರಗೆ." ಸುನಂದಾ ಬಾಗಿಲು ತೆಗೆದಳು. ಹೊರಗೆ ನಿಂತವಳು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಕೂಲಿ ಮೇಸ್ತ್ರಿ ಎಂದುಕೊಂಡಳಂತೆ.

ಆ ಮಧ್ಯಾಹ್ನ ಚೈತ್ರಾಳ ಎರಡು ಪಕ್ಕಕ್ಕೆ ಇಬ್ಬರೂ ಕೂತರು. ಸುನಂದಾ ತುದಿಯಿಂದ ಬಿಡಿಸುವಳು, ಕೆಂಚಮ್ಮ ಗಂಟನ್ನು ಎರಡು ಕೈಯಲ್ಲಿ ಹಿಡಿದು ಅಗಲಕ್ಕೆ ಬಿರಿಯುವಳು. ಹಾಗೆ ಮಾಡಿದರೆ ಹರಿಯುತ್ತದೆ ಎಂದು ಇವಳು, ಹೀಗೆ ಮಾಡಿದರೆ ದೀಪಾವಳಿಯಾದರೂ ಮುಗಿಯುವುದಿಲ್ಲ ಎಂದು ಅವಳು. ಕೊನೆಗೆ ಅವಳು ಬಿರಿಯುವುದು, ಇವಳು ಲೋಳೆ ಬಿಟ್ಟು ಎಳೆಯುವುದು ಎಂದು ಹೊಂದಿಕೊಂಡರು. ಮಳೆ ಹನಿಯತೊಡಗಿತು. ಮೊದಲು ನಸೀಮಾ ಬಂದು ತಗಡಿನ ಕೆಳಗೆ ನಿಂತಳು. ಆಮೇಲೆ ಒಬ್ಬೊಬ್ಬರೇ ಬಂದರು.

ಗಂಟಿನ ನಡುಮಧ್ಯಕ್ಕೆ ಬಂದಾಗ ಕೆಂಚಮ್ಮನ ಬೆರಳಿಗೆ ಏನೋ ಚುಚ್ಚಿತು. ಹಿಡಿದು ಎಳೆದಳು. ಕಡಲೆಕಾಳಿನಷ್ಟು ದಪ್ಪದ, ಮೈತುಂಬ ಕೊಕ್ಕೆ ಇರುವ ಮುಳ್ಳುಕಾಯಿ. ಕುರಿ ಮೇಯುವ ಬೀಳಿನಲ್ಲಿ ಬೆಳೆಯುತ್ತದೆ, ಉಣ್ಣೆಗೆ ಅಂಟಿದರೆ ಸುತ್ತಲಿನ ಎಳೆಯನ್ನೆಲ್ಲ ಸುತ್ತಿಕೊಳ್ಳುತ್ತದೆ. ಕೆಂಚಮ್ಮ ಅಂಥವನ್ನು ಎಷ್ಟು ತೆಗೆದು ಬಿಸಾಡಿದ್ದಾಳೋ. ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು.

"ಇದು ನಮ್ಮ ಹಟ್ಟಿ ಹಿಂದಿಂದು" ಎಂದಳು. ಮತ್ತೆ ನನ್ನ ಕಡೆ ತಿರುಗಿ, "ಅಮ್ಮ ಮುಳ್ಳು ಮುಡಿಯಲ್ಲ ಬೀಗ್ತಿ."

ಮುಳ್ಳನ್ನು ರಸ್ತೆಗೆ ಎಸೆದು, ತಂಬಿಗೆಯ ನೀರು ಕೊಡು ಎಂದು ಮಗಳ ಕಡೆ ಕೈ ಚಾಚಿದಳು. ಗಟಗಟ ಕುಡಿದಳು. ಮಂಜುಳಾ ಆಗ ಅತ್ತಳು. ಮುಳ್ಳು ಹೋದ ಮೇಲೆ ಗಂಟಿನಲ್ಲಿ ಜೀವ ಇರಲಿಲ್ಲ. ಕತ್ತಲಾಗುವ ಮೊದಲೇ ಕಡೆಯ ಎಳೆ ಬಿಟ್ಟಿತು. ಸುನಂದಾ ಬೆಚ್ಚಗಿನ ನೀರು ಹಾಕಿ ತೊಳೆದಳು. ಹುಡುಗಿ ಬಗ್ಗಿ ತಲೆ ಕೊಡವಿದ ರಭಸಕ್ಕೆ ತಗಡಿನ ಕೆಳಗೆ ನಿಂತವರೆಲ್ಲ ಇನ್ನೊಂದು ಸಲ ನೆಂದರು. ಕೂದಲು ಹರಡಿಕೊಂಡು, ಥೇಟ್ ಸುನಂದಾಳ ತಲೆಯೇ ಚಿಕ್ಕದಾದಂತೆ ಕಂಡಿತು. ಚೈತ್ರಾ ಕನ್ನಡಿ ನೋಡಿಕೊಳ್ಳಲೂ ಇಲ್ಲ. ಕೇರಿಯ ಹುಡುಗಿಯರನ್ನು ಕೂಗಿಕೊಂಡು ಕೆಸರಿನಲ್ಲೇ ಖೋ ಖೋ ಆಡಲು ಹೋದಳು. ಕೆಂಚಮ್ಮ ತಂದಿದ್ದ ಹಸಿರು ಖಣವನ್ನು ಸುನಂದಾಳಿಗೆ ಕೊಟ್ಟಳು. ಗುಡ್ಡಕ್ಕೆ ಬೇರೆ ತಗೊಂಡರಾಯಿತು ಎಂದಳು.

ಎಲ್ಲರೂ ಚೆನ್ನಾಯಿತು ಚೆನ್ನಾಯಿತು ಎಂದು ಹೋದರು. ಆದರೆ ಅಂಗಡಿಯ ಹೊಸ್ತಿಲು ಅವತ್ತೂ ಯಾರೂ ದಾಟಲಿಲ್ಲ. ಸುನಂದಾ ಕುರ್ಚಿ ಒರೆಸುತ್ತ, ಹುಡುಗಿ ಉಳಿದಳು, ಅಷ್ಟು ಸಾಕು ಅಜ್ಜಿ ಎಂದಳು. ಅಂಗಡಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಮಾತಿನಿಂದ ಅಂಗಡಿ ನಡೆಯುವುದಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಕೆಂಚಮ್ಮ, ಮಂಜುಳಾ, ಚೈತ್ರಾ ಮೊದಲ ಬಸ್ಸಿಗೆ ಹೋದರು. ಎದುರಿನ ಡೇರಿಯಲ್ಲಿ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು, ಇಡೀ ಊರೇ ಇತ್ತೆನ್ನಬೇಕು. ನಾನು ಮುಂದಿನ ಕೋಣೆಯ ಬಾಗಿಲು ಬಡಿದು, ಆ ಕುರ್ಚಿಯನ್ನು ಜಗಲಿಗೆ ಎಳಿ ಎಂದೆ. ಸುನಂದಾ ಎಳೆದಳು. ಡೇರಿಯ ಕಡೆ ಮುಖ ಮಾಡಿ ಕೂತೆ. ತುರುಬು ಬಿಚ್ಚಿದೆ. ಎದುರಿಗೆ ಕ್ಯಾನುಗಳ ಸದ್ದು ನಿಂತಿತು.

"ಕೈ ಮುರಿಯಲ್ವಾ ಅಜ್ಜಿ?" ಎಂದಳು ಹಿಂದಿನಿಂದ.

"ನೀರು ಬೆಚ್ಚಗೈತಾ ನೋಡಿ ಹಾಕು" ಎಂದು ಕಣ್ಣು ಮುಚ್ಚಿದೆ.